ಮಗಳನ್ನು ಏಳಿಸದ ದಿನ

ವ್ಯಾನನ್ನು ಮನೆಯ ಮುಂದೆ ಚಾಲೂ ಮಾಡಬಾರದೆಂದು ಅವನು ಹಿಂದಿನ ರಾತ್ರಿಯೇ ತೀರ್ಮಾನ ಮಾಡಿಕೊಂಡಿದ್ದ. ಗೇರು ತೆಗೆದು, ಒಂದು ಕೈ ಸ್ಟಿಯರಿಂಗಿನ ಮೇಲಿಟ್ಟು, ಹೆಗಲನ್ನು ಬಾಗಿಲಿನ ಚೌಕಟ್ಟಿಗೆ ಆನಿಸಿ, ಬೀದಿಯ ತಿರುವಿನವರೆಗೂ ತಳ್ಳಿಕೊಂಡೇ ಹೊರಟ. ಆ ಇಂಜಿನ್ನಿನ ಗಂಟಲು ಎಂಥದ್ದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಬೆಳಗಿನ ಮೊದಲ ಕೆಮ್ಮಿಗೆ ಅಕ್ಕಪಕ್ಕದ ಕಿಟಕಿ ಗಾಜುಗಳೆಲ್ಲ ಗಲಗಲ ಅನ್ನುತ್ತಿದ್ದವು. ಇಷ್ಟು ವರ್ಷ ಅದು ಅವನ ಕಿವಿಗೆ ಬಿದ್ದೇ ಇರಲಿಲ್ಲ. ಈಗ, ಮಗಳು ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ ಅಂದಮೇಲೆ, ಜೇಬಿನ ಬೀಗದಕೈ ಕಿಣಿ ಅಂದರೂ ಎದೆ ಧಸಕ್ಕೆನ್ನುತ್ತಿತ್ತು. ಹದಿನೈದು ವರ್ಷದ ಹುಡುಗಿ ಬೆಳಗಿನ ಹೊತ್ತು ಮಲಗಿರುವುದು ಅಂಥ ದೊಡ್ಡ ಸಂಗತಿಯೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಅವನ ಪಾಲಿಗೆ ಆ ದಿನ ಲೋಕದಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಇರಲಿಲ್ಲ. ರಜ ಮುಗಿದು ಶಾಲೆ ತೆರೆಯುತ್ತಿತ್ತು, ಮತ್ತು ಶಾಲೆಯ ಮಕ್ಕಳನ್ನು ಕರೆತರಲು ಅವನು ಮಗಳಿಲ್ಲದೆ ಹೊರಟ ಮೊದಲ ದಿನ ಅದು.

"ಬ್ಯಾಟರಿ ಹೋಯ್ತಾ?" ಎದುರುಮನೆಯ ಟೈಲರು ಹಲ್ಲುಜ್ಜುತ್ತ ಮೆಟ್ಟಿಲ ಮೇಲಿಂದಲೇ ಕೂಗಿದ.

"ಹೂಂ, ಹೋಯ್ತು," ಎಂದ ಇವನು ಪಿಸುದನಿಯಲ್ಲಿ.

"ಏನು?"

"ಹೋಯ್ತು ಅಂದೆ."

"ಗಂಟಲೂ ಹೋಯ್ತಾ?" ಟೈಲರು ಬಾಯಿ ಮುಕ್ಕಳಿಸಿ ಉಗುಳಿ ಕೆಳಗಿಳಿದೇಬಿಟ್ಟ. "ಇರಿ ಇರಿ, ಒಬ್ರೇ ತಳ್ಳಿದ್ರೆ ಸೊಂಟ ಹಿಡ್ಕೊಳ್ಳುತ್ತೆ. ಐಸಾ! ಐಸಾ!"

"ಕೂಗ್ಬೇಡಿ ಮಾರಾಯ್ರೇ, ದಮ್ಮಯ್ಯ ಅಂತೀನಿ," ಎಂದು ಇವನು ತುಟಿಯ ಮೇಲೆ ಬೆರಳಿಟ್ಟ. ಯಾಕೆಂದು ಟೈಲರಿಗೆ ತಿಳಿಯಲಿಲ್ಲ, ಆದರೂ ಪುಣ್ಯಾತ್ಮ ದನಿ ತಗ್ಗಿಸಿ "ಐಸಾ, ಐಸಾ" ಎಂದು ಗುಟ್ಟು ಹೇಳುವವನ ಹಾಗೆ ಪಿಸುಗುಟ್ಟುತ್ತ ತಿರುವಿನ ತನಕ ತಳ್ಳಿಕೊಟ್ಟ. ಅಲ್ಲಿ ಬೀಗದಕೈ ತಿರುಗಿಸಿದ್ದೇ ತಡ, ಇಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. "ನೋಡಿದ್ರಾ ನನ್ನ ಕೈಗುಣ!" ಎಂದು ಟೈಲರು ಬೀಗಿದ. ಸುಳ್ಳು ಹೇಳಿ ಒಬ್ಬ ಒಳ್ಳೆಯವನ ಬೆನ್ನು ಬಗ್ಗಿಸಿದೆನಲ್ಲ ಎಂದು ಇವನಿಗೆ ನಾಚಿಕೆಯಾಯಿತು. ಮಗಳು ಮಲಗಿದಾಳೆ, ಸದ್ದು ಬೇಡ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ ಮಾತು ಯಾಕೋ ಬಾಯಿಗೆ ಬರಲಿಲ್ಲ. ಈ ಬೀದಿಯಲ್ಲಿ ಅವನಿಗೆ ಇದ್ದ ಒಂದೇ ಒಂದು ಹೆಸರು ಬೇಗ ಏಳುವವನು ಎಂಬುದು. ಅಪ್ಪ ಮಗಳು ಇಬ್ಬರೂ ಕೋಳಿಗಿಂತ ಮೊದಲು ಏಳ್ತಾರಪ್ಪ ಎಂದು ಇದೇ ಟೈಲರು ತನ್ನ ಗಂಡುಮಕ್ಕಳನ್ನು ಬೈಯುವಾಗ ಎತ್ತಿ ಆಡುತ್ತಿದ್ದ. ಅದನ್ನು ಕೇಳಿ ಇವನು ಒಳಗೊಳಗೇ ಉಬ್ಬಿಹೋಗುತ್ತಿದ್ದ.

ಪಕ್ಕದ ಸೀಟು ಖಾಲಿಯಿತ್ತು. ಮಗಳು ಒರಗುತ್ತಿದ್ದ ಕಡೆ ಕಿಟಕಿಯ ಗಾಜಿನಲ್ಲಿ ತಲೆಯೆಣ್ಣೆಯ ಒಂದು ಮಸುಕು ಕಲೆ ಉಳಿದಿತ್ತು, ರಜದಲ್ಲಿ ವ್ಯಾನು ತೊಳೆದಾಗಲೂ ಅದನ್ನು ಒರೆಸಲು ಅವನಿಗೆ ಕೈ ಬಂದಿರಲಿಲ್ಲ. ಗುಂಡಿ ಬಂದಾಗಲೆಲ್ಲ ಆ ತಲೆ ಗಾಜಿಗೆ ಟಕ್ ಅಂತ ಬಡಿಯುತ್ತಿತ್ತು. ಮೊದಮೊದಲು ಅವನಿಗೆ ನಗು ಬರುತ್ತಿತ್ತು, "ಏನಮ್ಮಾ, ಗಾಜು ಒಡೆದ್ರೆ ಯಾರು ಕೊಡ್ತಾರೆ?" ಎಂದು ತಮಾಷೆ ಮಾಡುತ್ತಿದ್ದ. ಅವಳು ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಅವನಿಗಿಂತ ಮೊದಲೇ ಎದ್ದು, ಎರಡು ಜಡೆ ಹಾಕಿಸಿಕೊಂಡು, ಮುಂದಿನ ಸೀಟಿನಲ್ಲಿ ಕಾಲು ಕುಣಿಸುತ್ತ ಕೂತಿರುತ್ತಿದ್ದಳು. ಮಕ್ಕಳು ಹತ್ತುವಾಗ ಬಾಗಿಲು ಸರಿಸುವುದು, ಚಿಕ್ಕವರ ಕೈ ಹಿಡಿದು ಎತ್ತಿಕೊಳ್ಳುವುದು, ತಲೆ ಎಣಿಸುವುದು, ಆಮೇಲೆ ತಗಡಿನ ಮೇಲೆ ಎರಡು ಸಲ ಬಡಿದು "ರೈಟ್!" ಅನ್ನುವುದು, ಎಲ್ಲ ಅವಳೇ. ಮಕ್ಕಳು ಅವಳನ್ನು ವ್ಯಾನಕ್ಕ ಎಂದೇ ಕರೆಯುತ್ತಿದ್ದರು. ಇನ್ನೂ ದೀಪ ಆರದ ಬೀದಿಗಳು, ಸಣ್ಣಗೆ ಹಾಡುವ ರೇಡಿಯೋ, ಪಕ್ಕದಲ್ಲಿ ಮಗಳು. ಇಡೀ ದಿನದಲ್ಲಿ ಅವನಿಗೆ ತಾನೊಬ್ಬ ಮನುಷ್ಯ ಅನ್ನಿಸುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಮಿಕ್ಕ ಹೊತ್ತೆಲ್ಲ ಅವನು ಯಾರ್ಯಾರದೋ ತಡಕ್ಕೆ, ಯಾರ್ಯಾರದೋ ಗೊಣಗಾಟಕ್ಕೆ ಜವಾಬು ಕೊಡುವ ಡ್ರೈವರು. ಯಾವಾಗ ಆ ಜಡೆಗಳು ಹೋಗಿ ಕೆದರಿದ ತಲೆ ಬಂತು, ಯಾವಾಗ ರೈಟ್ ಎಂಬುದು ಬಾಯಿಂದ ಬಾರದೆ ಬರೀ ಕೈಬಡಿತವಾಯಿತು, ಆಮೇಲೆ ಅದೂ ಒಂದೇ ಏಟಾಯಿತು, ಅವನು ಗಮನಿಸಿದ್ದನೇ? ಗಮನಿಸಿದ್ದ. ವಯಸ್ಸು ಅಂದುಕೊಂಡಿದ್ದ. ಈಗ ಮೊದಲ ಮನೆಯ ಮುಂದೆ ವ್ಯಾನು ನಿಲ್ಲಿಸಿ, ಬಾಗಿಲು ಸರಿಯುವ ಸದ್ದಿಗಾಗಿ ಕಾಯುತ್ತ ಕುಳಿತೇ ಇದ್ದ, ಆ ಮನೆಯ ತಾಯಿ ಕಿಟಕಿಗೆ ಬಂದು "ಏನ್ರೀ, ಬಾಗಿಲು ತೆಗೆಯೋರು ಯಾರೂ ಇಲ್ವಾ?" ಅನ್ನುವವರೆಗೆ.

ಅವನು ಗಡಬಡಿಸಿ ಇಳಿದ. ಆ ಮನೆಯ ಒಂದನೇ ಕ್ಲಾಸಿನ ಹುಡುಗಿಗೆ ವ್ಯಾನಿನಲ್ಲಿ ಯಾಕಮ್ಮ ಎಂದು ಹೆಸರು, ಯಾಕೆ ಎಂಬುದಿಲ್ಲದೆ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

"ಎಲ್ಲಿ ನಿಮ್ಮ ಮಗಳು?" ಎಂದರು ತಾಯಿ.

"ಸ್ವಲ್ಪ ಜ್ವರ."

"ಅಯ್ಯೋ ಪಾಪ. ಹುಷಾರು," ಎಂದು ಆಕೆ ನಿಜವಾಗಿಯೇ ನೊಂದುಕೊಂಡರು. ಅದು ಇನ್ನೂ ಕಷ್ಟವಾಯಿತು. ಮುಂದಿನ ತಿರುವಿನ ಮನೆಯಲ್ಲಿ ಅಜ್ಜನೊಬ್ಬ ಕೇಳಿದಾಗ ಜ್ವರ ಎಂದರೆ ಮತ್ತೆ ಮರುಕ ಶುರುವಾದೀತೆಂದು "ನೆಂಟರ ಮನೆಗೆ ಹೋಗಿದಾಳೆ" ಎಂದ.

ವ್ಯಾನು ಹೊರಟ ಮೇಲೆ ಹಿಂದಿನಿಂದ ಯಾಕಮ್ಮನ ದನಿ ಬಂತು. "ಅಂಕಲ್, ಜ್ವರ ಬಂದೋರು ನೆಂಟರ ಮನೆಗೆ ಯಾಕೆ ಹೋಗ್ತಾರೆ?"

ಅವನು ನಾಲಿಗೆ ಕಚ್ಚಿಕೊಂಡ.

ರಸ್ತೆ ನುಣ್ಣಗೆ ಮುಂದೆ ಬರುತ್ತಿತ್ತು. ಹಾಲಿನ ಡಬ್ಬಗಳ ಸೈಕಲ್ಲು, ಕಸ ಗುಡಿಸುವ ಹೆಂಗಸರು, ಅಂಗಡಿಯ ಅರ್ಧ ಎತ್ತಿದ ಷಟರು. ಎಲ್ಲರೂ ಎದ್ದಿದ್ದರು, ಇಡೀ ಲೋಕವೇ ಎದ್ದಿತ್ತು, ತನ್ನ ಮಗಳೊಬ್ಬಳು ಮಲಗಿದ್ದಾಳೆ ಎಂಬುದು ಒಮ್ಮೆ ಹೆದರಿಕೆಯಾಗಿಯೂ ಇನ್ನೊಮ್ಮೆ ಕದ್ದು ಕೂಡಿಟ್ಟ ಸುಖವಾಗಿಯೂ ಅವನಿಗೆ ತಟ್ಟುತ್ತಿತ್ತು. ಮನೆಯಲ್ಲಿ ಅವಳ ಜೊತೆ ಅವನ ತಾಯಿ ಇದ್ದಳು. ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೊದಲ ಪಾಳಿ, ಅವಳು ಅವನಿಗಿಂತ ಮುಂಚೆ ಹೊರಡುವವಳು. ಅವಳಿಗೇ ಅಲ್ಲವೇ ಆ ಮಾತು ಮೊದಲು ಕೇಳಿಸಿದ್ದು? ಊಟವಾದ ಮೇಲೆ ತಾಯಿ ಮಗಳು ಪಾತ್ರೆ ಒರೆಸಿಡುತ್ತಿದ್ದರಂತೆ. ನಾಳೆ ಯಾವ ಪರೀಕ್ಷೆ ಎಂದು ಕೇಳುವ ದನಿಯಲ್ಲಿ ಹುಡುಗಿ, "ನಾನು ಇಲ್ದೇ ಇದ್ದಿದ್ರೆ ಎಲ್ರಿಗೂ ಆರಾಮಾಗಿರ್ತಿತ್ತು, ಅಲ್ವಾಮ್ಮ?" ಅಂದಳಂತೆ. ಇವಳು ಕೈಯಲ್ಲಿದ್ದುದರ ಮೇಲೇ ಕಣ್ಣಿಟ್ಟು, "ಲೋಟ ಸರಿಯಾಗಿ ಒರೆಸು" ಅಂದುಬಿಟ್ಟಳಂತೆ. ಆಮೇಲೆ ಆ ಮಾತು ಕಿವಿಯಿಂದ ಎದೆಗಿಳಿದು, ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟಳಂತೆ. ಇದನ್ನು ಅವನಿಗೆ ಹೇಳುವಾಗ ಅವಳು ಅಳಲಿಲ್ಲ. ಮಾರನೆಯ ದಿನ ಕೆಲಸಕ್ಕೆ ರಜ ಹಾಕಿ, ತನಗೆ ಗೊತ್ತಿದ್ದ ನರ್ಸಮ್ಮನನ್ನು ಹಿಡಿದು, ಮನಸ್ಸಿನ ಡಾಕ್ಟರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿಕೊಂಡು ಬಂದಳು. ಅವನೊಬ್ಬನೇ ಆಗಿದ್ದರೆ? ಅವನಾಗಿದ್ದರೆ ಬೈದುಬಿಡುತ್ತಿದ್ದ. ಹುಡುಗಿಗೆ ಸೋಮಾರಿತನ ಹೆಚ್ಚಾಗಿ ಇಲ್ಲದ್ದೆಲ್ಲ ತಲೆಗೆ ಬರ್ತಿದೆ ಅನ್ನುತ್ತಿದ್ದ. ಅದನ್ನು ನೆನೆದಾಗಲೆಲ್ಲ ಅವನಿಗೆ ಹೆಂಡತಿಯ ಒರಟು ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಅಂಥದ್ದೇನೂ ಅವನು ಮಾಡಿರಲಿಲ್ಲ. ಮಾಡಿದರೆ ಅವಳು ಮೈ ಹುಷಾರಿಲ್ವೇನ್ರೀ ಎಂದು ಕೇಳಿಯಾಳು.

ನಿದ್ದೆಯ ವಿಚಾರದಲ್ಲಿ ಅವನು ಮಾಡದ ಉಪಾಯವಿರಲಿಲ್ಲ. ರಾತ್ರಿ ಅವಳು ಸೂರು ನೋಡುತ್ತ ಮಲಗಿರುತ್ತಾಳೆ ಎಂದು ಗೊತ್ತಾದಾಗ ಫೋನಿನದೇ ಕಾಟ ಎಂದು ಅದನ್ನು ಕಿತ್ತು ಅಕ್ಕಿ ಡಬ್ಬದೊಳಗೆ ಹೂತಿಟ್ಟ. ಆಮೇಲೂ ಅವಳು ಸೂರು ನೋಡುತ್ತಲೇ ಇದ್ದಳು, ಅನ್ನ ಮಾಡಲು ಹೋದ ಅಜ್ಜಿಗೆ ಮಾತ್ರ ಡಬ್ಬದೊಳಗಿಂದ ಫೋನು ಗುಂಯ್ ಅಂದು ಜೀವ ಬಾಯಿಗೆ ಬಂದಿತ್ತು. ಬೆಳಗ್ಗೆ ಏಳಿಸುವಾಗ ಮೊದಲು ಕೂಗು, ಆಮೇಲೆ ಹೊದಿಕೆ ಎಳೆಯುವುದು, ಆಮೇಲೆ ಬೆರಳಿನಿಂದ ಅವಳ ರೆಪ್ಪೆ ಬಿಡಿಸಿ "ಯಾರಿದಾರಪ್ಪ ಒಳಗೆ?" ಎಂದು ಇಣುಕುವುದು. ಅದು ಅವನ ಪ್ರಕಾರ ಮುದ್ದು. ಆ ರೆಪ್ಪೆಯ ಕೆಳಗಿನ ಕಣ್ಣು ಅವನನ್ನು ನೋಡುತ್ತಿದ್ದ ಬಗೆ ಈಗ ನೆನಪಾಯಿತು. ಸಿಟ್ಟೂ ಇರದ, ಗುರುತೂ ಇರದ ನೋಟ. ಪರೀಕ್ಷೆಯ ಅಂಕ ಇಳಿದಿತ್ತು. ಕ್ಲಾಸಿನಲ್ಲಿ ತೂಕಡಿಸಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದರು, ನಿಂತಲ್ಲೇ ತೂಕಡಿಸಿದಳೆಂದು ದೂರು ಬಂದಿತ್ತು. ಅಂಗಿಯ ಗುಂಡಿ ಕಿತ್ತುಬಂತೆಂದು ಒಂದು ಸಂಜೆಯೆಲ್ಲ ಅತ್ತಿದ್ದಳು. ಗುಂಡಿಗೆ ಯಾರಾದರೂ ಅಳುತ್ತಾರೆಯೇ ಎಂದು ಅವನು ನಕ್ಕಿದ್ದ.

ಆ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತಿನ ನಡುವೆ ಬಂದ ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿ "ನಂದೂ ಅದೇ ಕಥೆ" ಎಂದು ನಕ್ಕವರು. ಹುಡುಗಿಯನ್ನು ಮೊದಲು ಒಬ್ಬಳನ್ನೇ ಕೂರಿಸಿಕೊಂಡು ತುಂಬ ಹೊತ್ತು ಮಾತಾಡಿ ಆಮೇಲೆ ಇವರನ್ನು ಕರೆದರು. ಎಷ್ಟು ಹೊತ್ತಿಗೆ ಮಲಗುತ್ತಾಳೆ, ನಿದ್ದೆ ಯಾವಾಗ ಹತ್ತುತ್ತೆ, ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದೆಲ್ಲ ಕೇಳಿದರು. ಏಳುವ ಮಾತು ಬಂದದ್ದೇ ಅವನು ಕುರ್ಚಿಯಲ್ಲಿ ಮುಂದೆ ಸರಿದು ಕೂತ. ಅಷ್ಟು ಹೊತ್ತು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಅವರು ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ಗೊತ್ತಿರದೆ ಕುಗ್ಗಿಹೋಗಿದ್ದವನಿಗೆ ಇದೊಂದು ಗೊತ್ತಿತ್ತು.

"ಕತ್ತಲಿರುವಾಗ್ಲೇ ಹೊರಟ್ಬಿಡ್ತೀವಿ ಮೇಡಂ, ಅಪ್ಪ ಮಗಳು ಇಬ್ರೂ. ನಮ್ಮದೇ ವ್ಯಾನಲ್ವಾ? ಊರೆಲ್ಲ ಒಂದು ಸುತ್ತು. ಮಕ್ಕಳನ್ನ ಹತ್ತಿಸ್ಕೊಳ್ಳೋದು ಇಳಿಸೋದು ಎಲ್ಲ ಇವಳೇ. ಚಿಕ್ಕಂದಿನಿಂದ ಒಂದು ದಿನ ತಪ್ಪಿಸಿಲ್ಲ."

"ಓ. ನಿಮ್ಮ ಮನೆ ಶಾಲೆಯಿಂದ ತುಂಬ ದೂರ ಅನ್ನಿ."

"ಇಲ್ಲ ಮೇಡಂ, ಹತ್ರಾನೇ. ನಡೆದ್ರೆ ಹತ್ತು ನಿಮಿಷ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಹೆಂಡತಿ ತಲೆ ತಗ್ಗಿಸಿದಳು, ಯಾಕೆಂದರೆ ಒಂದು ಸಲ ಅವಳು ಹೇಳಿದ್ದಳು, ನಡ್ಕೊಂಡು ಹೋಗ್ಲಿ ಬಿಡ್ರಿ, ಇನ್ನಷ್ಟು ಹೊತ್ತು ಮಲಗ್ಲಿ ಎಂದು. ಮನೆ ಮುಂದೆ ವ್ಯಾನು ನಿಂತಿರುವಾಗ ನನ್ನ ಮಗಳು ಧೂಳಲ್ಲಿ ನಡೀಬೇಕಾ ಎಂದು ಅವನು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ. ಹತ್ತು ನಿಮಿಷದ ಶಾಲೆಗೆ ಮಗಳನ್ನು ಊರೆಲ್ಲ ಸುತ್ತಿಸಿ ಕರೆದುಕೊಂಡು ಹೋಗುತ್ತಿದ್ದ. ಮೊದಲು ಹತ್ತುವವಳು ಅವಳೇ, ಕೊನೆಗೆ ಇಳಿಯುವವಳೂ ಅವಳೇ. ವ್ಯಾನಿನವನ ಮಗಳು ಎಂಬ ಒಂದೇ ತಪ್ಪಿಗೆ. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ, ಅದಕ್ಕೆ ಅವನು ಬದುಕಿರುವ ತನಕ ಅವರಿಗೆ ಋಣಿ.

"ಈ ವಯಸ್ಸಲ್ಲಿ ನಿದ್ದೆ ಬರೋದೇ ತಡ," ಎಂದರು. "ಅದು ಸೋಮಾರಿತನ ಅಲ್ಲ, ಫೋನು ಒಂದರದ್ದೇ ತಪ್ಪೂ ಅಲ್ಲ. ಗಂಡುಮಕ್ಕಳಿಗೆ ದನಿ ಒಡೆಯಲ್ವಾ, ಹಾಗೇ ಮೈಯೇ ಬದಲಾಗುತ್ತೆ. ತಡವಾಗಿ ಬಂದಿದ್ದನ್ನ ನೀವು ಬೇಗ ಕಿತ್ಕೊಳ್ತಿದೀರಿ, ಅಷ್ಟೇ. ನಿದ್ದೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳೋದಿಲ್ಲ. ಅವಳು ಆಡಿದ ಮಾತನ್ನ ಹಗುರವಾಗಿ ತಗೋಬೇಡಿ, ಸದ್ಯಕ್ಕೆ ಒಬ್ಬಳನ್ನೇ ಬಿಡಬೇಡಿ, ವಾರವಾರ ನನ್ನ ಹತ್ರ ಕರ್ಕೊಂಡು ಬನ್ನಿ. ಆದ್ರೆ ನಿದ್ದೆ ಕೆಟ್ಟ ಮನಸ್ಸಿಗೆ ನಾನು ಏನು ಹೇಳಿದ್ರೂ ನಾಟಲ್ಲ. ಮೊದಲು ಮಲಗ್ಲಿ. ಹೇಗೂ ರಜ ಬರ್ತಿದೆ, ತಾನಾಗೇ ಏಳೋ ತನಕ ಏಳಿಸ್ಬೇಡಿ."

ರಜ ಬಂದದ್ದು ಪುಣ್ಯ. ಮೊದಲ ದಿನಗಳಲ್ಲಿ ಅವಳು ಮಲಗಿದ ರೀತಿ ನೋಡಿ ಮನೆಯವರೇ ಹೆದರಿದರು. ಅವನು ಸುಮ್ಮನೆ ಏನೋ ಹುಡುಕುವ ನೆಪದಲ್ಲಿ ಒಳಗೆ ಹೋಗಿ ಉಸಿರು ನೋಡಿಕೊಂಡು ಬರುತ್ತಿದ್ದ. ಆಮೇಲಾಮೇಲೆ ಊಟದ ತಟ್ಟೆಯಲ್ಲಿ ಅನ್ನ ಉಳಿಯುವುದು ನಿಂತಿತು. ಒಂದು ಮಧ್ಯಾಹ್ನ ಅಜ್ಜಿಯ ಹತ್ತಿರ ಏನನ್ನೋ ಕೇಳಿ ಉತ್ತರಕ್ಕಾಗಿ ಕಾದಳು. ಕೇಳಿದ್ದು ಏನೂ ದೊಡ್ಡದಲ್ಲ, ಆದರೆ ಅವಳು ಉತ್ತರಕ್ಕೆ ಕಾಯುವುದನ್ನು ಅವರು ಕಂಡು ಎಷ್ಟು ಕಾಲವಾಗಿತ್ತೋ. ಇದೆಲ್ಲ ರಜದ ಮಾತಾಯಿತು. ಇವತ್ತು ಶಾಲೆ. ಅದೇ ಬೆಂಚು, ಅದೇ ಮೇಷ್ಟ್ರು, ಅದೇ ಹುಡುಗಿಯರು. ಕಷ್ಟಪಟ್ಟು ಕೂಡಿಕೊಂಡದ್ದೆಲ್ಲ ಒಂದೇ ದಿನಕ್ಕೆ ಚೆಲ್ಲಿಹೋದರೆ? ಅವಳು ಬಾಗಿಲ ತನಕ ಬಂದು ನಾನು ಹೋಗಲ್ಲ ಎಂದು ಹಿಂದೆ ತಿರುಗಿ ಮತ್ತೆ ಆ ಸೂರು ನೋಡುತ್ತ ಮಲಗಿಬಿಟ್ಟರೆ? ಶಾಲೆಗೆ ಒಬ್ಬಳೇ ನಡೆದು ಹೋಗಲಿ ಎಂದು ಡಾಕ್ಟರಮ್ಮನೂ ಕಳೆದ ವಾರ ಒಪ್ಪಿದ್ದರು. ರಾತ್ರಿ ಅವಳು ತಾನೇ ಅಲಾರಾಂ ಇಟ್ಟುಕೊಂಡು, "ನಾನೇ ನಡ್ಕೊಂಡು ಬರ್ತೀನಿ, ಗೇಟಲ್ಲಿ ಸಿಗ್ತೀನಿ" ಅಂದಿದ್ದಳು. ಆ ಮಾತನ್ನು ಅವನು ಬೆಳಗಿನಿಂದ ಎಷ್ಟು ಸಲ ಹೊರಳಿಸಿ ನೋಡಿದ್ದನೆಂದರೆ ಅದು ಸವೆದುಹೋಗಿತ್ತು.

"ಅಂಕಲ್, ಹೇಳಿ. ಯಾಕೆ ಹೋಗ್ತಾರೆ?" ಯಾಕಮ್ಮ ಬಿಡಲಿಲ್ಲ.

ಕನ್ನಡಿಯಲ್ಲಿ ನೋಡಿದ. ಮುಂದಿನ ಸೀಟುಗಳಲ್ಲಿ ಚಿಕ್ಕವರು ಗುಬ್ಬಿಗಳ ಹಾಗೆ ಕಿಚಿಕಿಚಿ ಅನ್ನುತ್ತಿದ್ದರು. ಹಿಂದೆ ದೊಡ್ಡವರು. ಒಬ್ಬನ ಬಾಯಿ ತೆರೆದುಕೊಂಡಿತ್ತು, ಒಬ್ಬಳು ಕಂಬಿಗೆ ಹಣೆ ಕೊಟ್ಟಿದ್ದಳು, ಇನ್ನಿಬ್ಬರು ಒಬ್ಬರ ಮೇಲೊಬ್ಬರು ವಾಲಿದ್ದರು. ಎಂಟನೇ ಕ್ಲಾಸಿನಿಂದ ಆಚೆಗೆ ಒಬ್ಬರಾದರೂ ಎಚ್ಚರವಿದ್ದುದನ್ನು ಅವನು ಕಂಡಿರಲಿಲ್ಲ. ವರ್ಷಗಟ್ಟಲೆ ಇದೇ ಕನ್ನಡಿ, ಇದೇ ಮುಖಗಳು. ಹಾಸ್ಯ ಮಾಡಿದ್ದ, ಬೇಕೆಂದೇ ಬ್ರೇಕು ಒತ್ತಿ ಎಚ್ಚರಿಸಿದ್ದೂ ಉಂಟು. ಇವತ್ತು ಆ ತೆರೆದ ಬಾಯಿಗಳನ್ನು ನೋಡಿ, ಗುಂಡಿಯಿದ್ದ ಕಡೆ ವ್ಯಾನನ್ನು ನಿಧಾನ ಮಾಡಿ ಬಳಸಿಕೊಂಡು ಹೋದ.

"ವ್ಯಾನಕ್ಕಂಗೆ ಜ್ವರ ಇಲ್ಲ," ಎಂದ. "ನೆಂಟರ ಮನೆಗೂ ಹೋಗಿಲ್ಲ. ಮನೇಲಿ ಮಲಗಿದಾಳೆ."

"ಯಾಕೆ?"

"ನಿದ್ದೆ ಬಂದಿದೆ. ಅದಕ್ಕೆ."

"ಅಷ್ಟೇನಾ?"

"ಅಷ್ಟೇ."

ಹಿಂದಿನ ಸೀಟಿನಲ್ಲಿ ಹೊಸದಾಗಿ ಮೀಸೆ ಚಿಗುರುತ್ತಿದ್ದ ಹತ್ತನೇ ಕ್ಲಾಸಿನ ಹುಡುಗ ಕಣ್ಣು ತೆರೆಯದೆಯೇ, "ಪುಣ್ಯವಂತಳು ಕಣಪ್ಪ" ಎಂದು ಗೊಣಗಿ ಮಗ್ಗುಲು ಬದಲಿಸಿದ. ಇವನಿಗೆ ನಗು ಉಕ್ಕಿ ಬಂತು. ಮಾತು ಎಷ್ಟು ಸಲೀಸಾಗಿತ್ತು! ಆಮೇಲೆ ಮಿಕ್ಕ ಮನೆಗಳಲ್ಲಿ ಯಾರು ಕೇಳಿದರೂ "ಮಲಗಿದಾಳೆ" ಎಂದೇ ಹೇಳಿದ. ಒಬ್ಬ ತಂದೆ "ಇಷ್ಟು ಹೊತ್ತಾದ್ರೂ?" ಎಂದು ಮೂಗು ಮುರಿದಾಗ, "ಹೌದು, ಇಷ್ಟು ಹೊತ್ತಾದ್ರೂ" ಎಂದು ಬಾಗಿಲು ಎಳೆದ. ಕಿವಿ ಕೆಂಪಗಾಯಿತು ನಿಜ. ಆದರೂ ಹೇಳಿದ.

ಶಾಲೆಯ ಗೇಟಿನ ಮುಂದೆ ಮಕ್ಕಳನ್ನೆಲ್ಲ ಇಳಿಸಿ, ತಲೆ ಎಣಿಸಿ, ತಪ್ಪಾಗಿ ಮತ್ತೆ ಎಣಿಸಿ, ವ್ಯಾನಿಗೆ ಒರಗಿ ನಿಂತ. ಮಗಳು ಬರಬೇಕಾದ ಬೀದಿ ಅಲ್ಲಿಂದ ನೇರವಾಗಿ ಕಾಣುತ್ತಿತ್ತು. ಒಂದೇ ಬಣ್ಣದ ಅಂಗಿಗಳು ಗುಂಪುಗುಂಪಾಗಿ ಬರುತ್ತಿದ್ದವು, ಪ್ರತಿಯೊಂದು ಗುಂಪಿನಲ್ಲೂ ಒಂದು ಗಳಿಗೆ ಅವಳಿದ್ದಳು, ಹತ್ತಿರ ಬರುತ್ತಲೇ ಬೇರೆ ಯಾರೋ ಆಗುತ್ತಿದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ ಅವನನ್ನು ಕಂಡು ಗೇಟಿನ ಕಾವಲುಗಾರ, "ಏನ್ ಡ್ರೈವರ್ ಸಾಹೇಬ್ರು, ಇವತ್ತು ಯಾರಾದ್ರೂ ಮಂತ್ರಿ ಬರ್ತಿದಾರಾ?" ಎಂದ. ಇವನು ಹ್ಹೆ ಎಂದು ನಕ್ಕ. ಗಂಟೆ ಹೊಡೆಯಿತು. ಓಡುವವರು ಓಡಿದರು. ಬೀದಿ ಬರಿದಾಯಿತು. ಕಾವಲುಗಾರ ಗೇಟನ್ನು ಅರ್ಧ ಎಳೆದು ಅವನ ಮುಖ ನೋಡಿದ, ಅದರಲ್ಲಿ ಏನು ಕಂಡನೋ, ಮತ್ತೆ ತಮಾಷೆ ಮಾಡಲಿಲ್ಲ.

ವ್ಯಾನು ಮನೆಯ ಕಡೆ ತಿರುಗಿದ್ದು ಅವನಿಗೆ ನೆನಪಿಲ್ಲ. ಕೈಕಾಲು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು, ಮನಸ್ಸು ಮುಂದೆ ಓಡಿ ಮನೆಯ ಬಾಗಿಲು ತಳ್ಳಿ ಕೆಟ್ಟದ್ದನ್ನೆಲ್ಲ ನೋಡಿ ಬರುತ್ತಿತ್ತು. ಅಜ್ಜಿಯೇನಾದರೂ ಏಳಿಸಿ ಬೈದಳೋ? ಬೆಳಗಾದ ಮೇಲೆ ಹಾಸಿಗೆ ಕಂಡರೆ ಆಗದವಳು ಅವನ ತಾಯಿ. ಅವನನ್ನೂ ಹಾಗೇ ಬೆಳೆಸಿದವಳು. ಹುಡುಗಿ ಎದ್ದು ಹೊರಟು ಇನ್ನೆಲ್ಲಿಗಾದರೂ... ಆ ಯೋಚನೆಯನ್ನು ಅವನು ಮುಗಿಸಲಿಲ್ಲ. ತಿರುವಿನಲ್ಲೇ ಇಂಜಿನ್ನು ನಿಲ್ಲಿಸಿ ಓಡಿದ.

ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದಳು. ಹಳೇ ಸಾಮಾನು ಕೊಳ್ಳುವವನೊಬ್ಬ ಗಾಡಿ ತಳ್ಳಿಕೊಂಡು ಬಂದು ಕೂಗಲು ಬಾಯಿ ತೆರೆದಿದ್ದ, ಅಜ್ಜಿ ಅವನತ್ತ ಕೋಲು ಬೀಸಿ "ಶ್! ಆಕಡೆ ಹೋಗಿ ಕೂಗು" ಎಂದು ಹಲ್ಲು ಕಡಿಯುತ್ತಿದ್ದಳು. ಮಗನನ್ನು ಕಂಡು ಅವನಿಗೂ ಒಂದು ಶ್ ಎಂದಳು.

"ಎದ್ದಿಲ್ವಾಮ್ಮ?"

"ಏಳಿಸ್ಬೇಡ ಅಂತ ತಾಕೀತು ಮಾಡಿದೋನೂ ನೀನೇ, ಎದ್ದಿಲ್ವಾ ಅಂತ ಓಡಿ ಬರೋನೂ ನೀನೇ. ಆ ಗಡಿಯಾರ ಬಡ್ಕೊಳ್ತು. ಅದರ ತಲೆಗೊಂದು ಬಿಟ್ಟು ಮತ್ತೆ ಮಲಗಿದ್ಲು. ನಾನು ಕುಕ್ಕರ್ ಕೂಡ ಇಟ್ಟಿಲ್ಲ, ಸೀಟಿ ಹೊಡಿಯುತ್ತೆ ಅಂತ." ಆಮೇಲೆ ದನಿ ಇಳಿಸಿ, "ಗೊರಕೆ ಹೊಡೀತಿದಾಳೆ ಕಣೋ. ಎಷ್ಟು ಚೆನ್ನಾಗಿ," ಎಂದಳು.

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕೋಣೆಯ ಬಾಗಿಲಲ್ಲಿ ಹೋಗಿ ನಿಂತ. ಹೊದಿಕೆ ಕಾಲಕೆಳಗೆ ಮುದ್ದೆಯಾಗಿತ್ತು, ಒಂದು ಕೈ ಮಂಚದಾಚೆ ಜೋತುಬಿದ್ದಿತ್ತು, ತುಟಿಯ ಮೂಲೆಯಲ್ಲಿ ಜೊಲ್ಲಿನ ಒಂದು ಗೆರೆ. ಗಂಟೆ ಹೊಡೆದಾಗಿದೆ, ಮೊದಲ ಪೀರಿಯಡ್ಡು ನಡೆಯುತ್ತಿದೆ, ಮೊದಲ ದಿನವೇ ತಡವಾದರೆ ಎಲ್ಲರೂ ಅವಳನ್ನು ತಿರುಗಿ ನೋಡುತ್ತಾರೆ. ಏಳಿಸಬೇಕು. ಹೆಸರು ಹಿಡಿದು ಕೂಗಿದರೆ ಸಾಕು. ಬಾಯಿ ತೆರೆದ. ಅವಳ ಹಣೆಯ ಮೇಲೆ ಗಂಟು ಇರಲಿಲ್ಲ. ಎರಡು ವರ್ಷದಿಂದ ನಿದ್ದೆಯಲ್ಲೂ ಇರುತ್ತಿದ್ದ ಆ ಗಂಟು ಇರಲಿಲ್ಲ, ಮುಖ ಬೋಳಾಗಿ, ಸ್ವಲ್ಪ ಪೆದ್ದಾಗಿ, ಯಾರಿಗೂ ಏನನ್ನೂ ಒಪ್ಪಿಸಬೇಕಾಗಿಲ್ಲದವಳ ಹಾಗೆ ಸಡಿಲವಾಗಿತ್ತು. ತೆರೆದ ಬಾಯಿಯನ್ನು ಮುಚ್ಚಿದ. ಚೌಕಟ್ಟಿಗೆ ಒರಗಿ, ಮನಸ್ಸಿನಲ್ಲೇ ಒಬ್ಬೊಬ್ಬರಿಗೂ ಕೈಮುಗಿದ: ಡಾಕ್ಟರಮ್ಮನಿಗೆ, ನರ್ಸಮ್ಮನಿಗೆ, ಪಿಸುದನಿಯಲ್ಲಿ ಐಸಾ ಎಂದ ಟೈಲರಿಗೆ, ಕುಕ್ಕರಿಡದ ಅಮ್ಮನಿಗೆ, ಈ ಹೊತ್ತಿನಲ್ಲಿ ಬಿಸಿನೀರಿನ ಹಬೆಯಲ್ಲಿ ಯಾರದೋ ಹಾಸಿಗೆ ಬಟ್ಟೆ ಹಿಂಡುತ್ತಿರುವ ಹೆಂಡತಿಗೆ. ಶಾಲೆ ಎಲ್ಲಿಗೂ ಓಡಿಹೋಗುವುದಿಲ್ಲ ಅಂದುಕೊಂಡ.

ಅವಳು ಕಣ್ಣು ಬಿಟ್ಟಳು. ಕಿಟಕಿಯ ಬಿಸಿಲನ್ನು ನೋಡಿದಳು, ಬಾಗಿಲಲ್ಲಿದ್ದ ಅವನನ್ನು ನೋಡಿದಳು.

"ಗಂಟೆ ಎಷ್ಟು?"

ಹೇಳಿದ.

ಧಡಕ್ಕನೆ ಎದ್ದು ಕೂತಳು. "ಅಪ್ಪಾ! ಯಾಕೆ ಏಳಿಸ್ಲಿಲ್ಲ?"

"ಡಾಕ್ಟರಮ್ಮ ಏಳಿಸ್ಬೇಡಿ ಅಂದಿದ್ರಲ್ಲ ಪುಟ್ಟಿ..."

"ರಜದಲ್ಲಿ! ರಜದಲ್ಲಿ ಏಳಿಸ್ಬೇಡಿ ಅಂದಿದ್ದು! ಶಾಲೆ ಇರೋವಾಗ ಏಳಿಸೋದಲ್ವಾ? ಏಳಿಸ್ಬಾರ್ದ ಹೊತ್ತಲ್ಲಿ ಇಷ್ಟು ವರ್ಷ ಕತ್ತಲಲ್ಲಿ ಎಳ್ಕೊಂಡು ಹೋದೆ, ಏಳಿಸ್ಬೇಕಾದ ದಿನ ಬಾಗಿಲಲ್ಲಿ ನಿಂತ್ಕೊಂಡು ನೋಡ್ತಿದೀಯಾ! ನಿಂಗೆ ಬುದ್ಧಿ ಇದ್ಯಾ?"

"ಅಪ್ಪಂಗೆ ಹಾಗೆಲ್ಲ ಅಂತಾರೇನೇ ಕೂಸೇ," ಎಂದು ಅಜ್ಜಿ ಹೊಸ್ತಿಲಿಂದ ಕೂಗಿದಳು, ಅವಳ ದನಿಯಲ್ಲಿ ಸಂಭ್ರಮವಿತ್ತು.

ತಿಂಗಳುಗಳಿಂದ ಅವಳು ಅವನನ್ನು ಬೈದಿರಲಿಲ್ಲ. ಹೂಂ, ಉಹೂಂ, ಗೊತ್ತಿಲ್ಲ, ಏನೂ ಅನ್ಸಲ್ಲ: ಇಷ್ಟೇ ಆಗಿತ್ತು ಮನೆಯಲ್ಲಿ ಅವಳ ಭಾಷೆ. ಈಗ ಕಾಲುಚೀಲ ಹುಡುಕುತ್ತ, ಒಂದೊಂದು ವಸ್ತುವನ್ನೂ ಎತ್ತಿ ಕುಕ್ಕುತ್ತ, ಉಸಿರು ತೆಗೆದುಕೊಳ್ಳದೆ ಬೈಯುತ್ತಿದ್ದಳು. ಮುಖ ತೊಳೆದು ಬಂದವಳು ಟವೆಲಿನೊಳಗಿಂದಲೇ ಹೇಳಿದಳು:

"ನಂಗೆ ಆ ವ್ಯಾನ್ ಕಂಡ್ರೆ ಆಗ್ತಿರ್ಲಿಲ್ಲ, ಗೊತ್ತಾ? ಒಂದು ದಿನಾನೂ ಇಷ್ಟ ಇರ್ಲಿಲ್ಲ."

ಒಂದು ದಿನವೂ. ಆ ದೀಪದ ಬೀದಿಗಳು, ಆ ರೇಡಿಯೋ, ಎಲ್ಲ ಅವನೊಬ್ಬನದೇ ಆಗಿತ್ತು ಹಾಗಾದರೆ. "ಮತ್ತೆ ಯಾಕಮ್ಮಾ ಹೇಳ್ಲಿಲ್ಲ?" ಎಂದ.

ಟವೆಲು ಕೆಳಗಿಳಿಯಿತು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅವಳು ಅವನನ್ನು ನೋಡುತ್ತಿದ್ದಳು, ಗುರುತಿರುವವರು ನೋಡುವ ಹಾಗೆ.

"ನೀನು ಅಷ್ಟು ಖುಷಿಯಾಗಿರ್ತಿದ್ದೆ," ಎಂದಳು.

ಇಷ್ಟುದ್ದದ ಹುಡುಗಿ ತನ್ನ ನಿದ್ದೆಯನ್ನೆಲ್ಲ ಅಪ್ಪನ ಖುಷಿಗೆ ಕೊಟ್ಟು ಕೂತಿದ್ದಳು. ಅವನಿಗೆ ಅದು ತಿಳಿಯಲೇ ಇಲ್ಲ. ತಪ್ಪಾಯ್ತು ಎಂದ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಎಂದ.

"ಸರಿ ಬಿಡು," ಎಂದಳು. ಅಜ್ಜಿ ಕೈಗಿಟ್ಟ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು ಚೀಲ ಏರಿಸಿದಳು.

"ಬಾ, ವ್ಯಾನಲ್ಲಿ ಬಿಡ್ತೀನಿ. ಎರಡೇ ನಿಮಿಷ."

"ಬೇಡ. ನಡೀತೀನಿ."

"ತಡ ಆಗಿದೆ..."

"ಅಪ್ಪಾ!"

"ಆಯ್ತು, ಆಯ್ತು."

ಹೊರಟಳು. ಕಾಲೆಳೆಯುತ್ತ ಅಲ್ಲ, ದುಡುದುಡು ಹೆಜ್ಜೆ ಹಾಕುತ್ತ, ಬೆನ್ನ ಮೇಲೆ ಚೀಲ ಎಡಕ್ಕೆ ಬಲಕ್ಕೆ ಹಾರುತ್ತ, ಅಗಿಯುತ್ತ, ಇನ್ನೂ ಯಾರನ್ನೋ ಬೈಯುತ್ತ. ಅವನು ಮನೆಯ ಗೇಟಿನವರೆಗೆ ಹೋದ, ಗೇಟಿನಿಂದ ಬೀದಿಗೆ ಬಂದ. ಬೆನ್ನು ಸಣ್ಣದಾಗುತ್ತಿದ್ದ ಹಾಗೆ ಬೆಳಗಿನ ಹೆದರಿಕೆ ಮತ್ತೆ ತಲೆಯೆತ್ತಿತು. ಇವತ್ತು ಸರಿ, ನಾಳೆ? ಡಾಕ್ಟರಮ್ಮ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ತಿರುವಿನಲ್ಲಿ ಅವಳು ನಿಂತು ಹಿಂದೆ ತಿರುಗಿದಳು.

"ಸಂಜೆ ಕರ್ಕೊಂಡು ಹೋಗೋಕೆ ಬರ್ಬೇಡ! ನಾನೇ ಬರ್ತೀನಿ!"

"ಬರ್ತೀಯಲ್ಲಾ?" ದನಿ ನಡುಗದಿರಲೆಂದು ಅವನು ಗಟ್ಟಿಯಾಗಿ ಕೂಗಿದ. ಎದುರುಮನೆಯ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಬರ್ತೀನಿ ಅಂದ್ನಲ್ಲಾ! ಎಷ್ಟು ಸಲ ಹೇಳ್ಬೇಕಪ್ಪ ನಿಂಗೆ!"

ಇನ್ನೊಂದೇ ಸಲ ಹೇಳು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವಳು ತಿರುವು ದಾಟಿ ಓಡತೊಡಗಿದ್ದಳು.